ತಂತ್ರಾಂಶ ನಿರ್ವಹಣೆಯ ಸಂಸ್ಕೃತಿ: ಲೆಕ್ಕಪರಿಶೋಧಕನೊಬ್ಬನ ನೋಟ

ತಂತ್ರಾಂಶದ ನಿರ್ವಹಣೆಯು ಕೇವಲ ಮಾಹಿತಿ ತಂತ್ರಜ್ಞಾನ ಕಂಪನಿಗಳಿಗೆ ಸಂಬಂಧಪಟ್ಟ ವಿಷಯವೆಂದು ನಮ್ಮ ವರ್ತಕ ಬಾಂಧವರು ಭಾವಿಸುವ ಕಾಲ ಈಗ ಉಳಿದಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದ ನೋಂದಾಯಿತ ವರ್ತಕರು ಇತರ ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಪಡೆಯುವುದು ಕಡ್ಡಾಯವಾಗಿದೆ. ಬಿಲ್ಲಿಂಗ್ ತಂತ್ರಾಂಶವು ಒಂದು ಗಂಟೆ ಸ್ಥಗಿತಗೊಂಡರೆ ಸರಕು ತುಂಬಿದ ಲಾರಿಯೂ ಗೋದಾಮಿನ ಮುಂದೆ ಅಷ್ಟೇ ಹೊತ್ತು ನಿಲ್ಲುತ್ತದೆ. ಈ ಕಾರಣದಿಂದಲೇ ಬೆಂಗಳೂರಿನಲ್ಲಿ ನಡೆದ ‘ಡೆವ್‌ಆಪ್ಸ್’ ಕುರಿತ ಸಮಾವೇಶವೊಂದಕ್ಕೆ ಕಕ್ಷಿದಾರರೊಬ್ಬರ ಆಹ್ವಾನದ ಮೇರೆಗೆ ಹೋಗಿದ್ದೆ. ಸಭಿಕರಲ್ಲಿ ತಲೆ ನರೆತವರು ವಿರಳವಾಗಿದ್ದರು.

ತಂತ್ರಾಂಶವನ್ನು ಬರೆಯುವವರೂ ಅದನ್ನು ದಿನನಿತ್ಯ ನಡೆಸುವವರೂ ಪರಸ್ಪರ ದೂರುತ್ತ ಕೂರದೆ ಒಂದೇ ತಂಡವಾಗಿ ದುಡಿಯಬೇಕೆಂಬುದು ಈ ಪದದ ತಿರುಳು. 2009ರ ಜೂನ್‌ನಲ್ಲಿ ಅಮೆರಿಕದ ಸಮ್ಮೇಳನವೊಂದರಲ್ಲಿ ಫ್ಲಿಕರ್ ಸಂಸ್ಥೆಯ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ಅವರು ದಿನವೊಂದಕ್ಕೆ ಹತ್ತಕ್ಕೂ ಹೆಚ್ಚು ಬಾರಿ ತಮ್ಮ ತಂತ್ರಾಂಶವನ್ನು ಬದಲಿಸುವ ಬಗೆಯನ್ನು ವಿವರಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಪ್ಯಾಟ್ರಿಕ್ ಡೆಬ್ವಾ ಅವರು ಮೊದಲ ‘ಡೆವ್‌ಆಪ್ಸ್ ಡೇಸ್’ ಏರ್ಪಡಿಸಿದರು. ಅಂದಿನಿಂದ ಇಂತಹ ಸಭೆಗಳು ಹಲವು ದೇಶಗಳಿಗೆ ಹಬ್ಬಿವೆ. ಮಧ್ಯಾಹ್ನದ ಕಲಾಪಕ್ಕೆ ನಿಗದಿತ ಕಾರ್ಯಸೂಚಿಯೇ ಇರುವುದಿಲ್ಲ. ಬೇಕಾದ ವಿಷಯವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವುದು, ಆಸಕ್ತರು ಸುತ್ತ ಕುಳಿತು ಚರ್ಚಿಸುವುದು, ರುಚಿಸದಿದ್ದರೆ ಎದ್ದು ಬೇರೆ ಗುಂಪಿಗೆ ಹೋಗುವುದು. ನಮ್ಮ ವಾರ್ಷಿಕ ಮಹಾಸಭೆಗಳಲ್ಲಿ ಇದಕ್ಕೆ ಅವಕಾಶ ನೀಡಿದರೆ ಎಷ್ಟು ಮಂದಿ ಉಳಿದಾರೋ!

ನನ್ನ ಗಮನವನ್ನು ಹೆಚ್ಚು ಸೆಳೆದದ್ದು ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಸಂಸ್ಥೆಯ ಪ್ರಕರಣ. 2012ರ ಜುಲೈ ಕೊನೆಯಲ್ಲಿ ಆ ಸಂಸ್ಥೆಯು ತನ್ನ ಎಂಟು ಸರ್ವರ್‌ಗಳಿಗೆ ಹೊಸ ತಂತ್ರಾಂಶವನ್ನು ಅಳವಡಿಸುವಾಗ ಒಂದು ಸರ್ವರ್ ಬಿಟ್ಟುಹೋಯಿತು. ವರ್ಷಗಳಿಂದ ಬಳಕೆಯಲ್ಲಿಲ್ಲದ ಹಳೆಯ ಭಾಗವೊಂದು ಅದರಲ್ಲಿ ಹಾಗೆಯೇ ಉಳಿದಿತ್ತು. ಆಗಸ್ಟ್ 1ರಂದು ಮಾರುಕಟ್ಟೆ ತೆರೆಯುತ್ತಲೇ ಅದು ಎಚ್ಚೆತ್ತು ತಡೆಯಿಲ್ಲದೆ ಖರೀದಿ-ಮಾರಾಟದ ಆದೇಶಗಳನ್ನು ಕಳುಹಿಸತೊಡಗಿತು. ಸುಮಾರು 45 ನಿಮಿಷಗಳ ಈ ವ್ಯವಹಾರದಿಂದ ಉಂಟಾದ ನಷ್ಟ 44 ಕೋಟಿ ಡಾಲರ್‌ಗಳಿಗೂ ಅಧಿಕ. ಒಬ್ಬರು ಮಾಡಿದ ಅಳವಡಿಕೆಯನ್ನು ಮತ್ತೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲವೆಂದು 2013ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕರು ತಮ್ಮ ಆದೇಶದಲ್ಲಿ ದಾಖಲಿಸಿದರು. ಚೆಕ್ಕಿಗೆ ಎರಡು ಸಹಿ ಕೇಳುವ ನಮ್ಮ ಸಣ್ಣ ಪಾಲುದಾರಿಕೆ ಸಂಸ್ಥೆಗಳಲ್ಲಿಯೂ ಕಾಣಸಿಗುವ ಎಚ್ಚರಿಕೆ ಅದು.

ಉತ್ಪಾದಕರಿಗೆ ಈ ಚಿಂತನೆಯ ಬೇರು ಹೊಸದಲ್ಲ. ದೋಷ ಕಂಡ ಕೂಡಲೇ ಕಾರ್ಮಿಕನೇ ಹಗ್ಗ ಎಳೆದು ಉತ್ಪಾದನಾ ಸಾಲನ್ನು ನಿಲ್ಲಿಸಬಹುದಾದ ಟೊಯೋಟಾ ಪದ್ಧತಿಯಿಂದ ಇವರು ಧಾರಾಳವಾಗಿ ಎರವಲು ಪಡೆದಿದ್ದಾರೆ. ಬಿಡದಿಯ ಸುತ್ತಮುತ್ತ ಬಿಡಿಭಾಗ ಪೂರೈಸುವ ಉದ್ಯಮಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವಘಡದ ನಂತರದ ವಿಚಾರಣೆಯಲ್ಲಿ ‘ಯಾರು ತಪ್ಪಿದರು’ ಎಂಬುದಕ್ಕಿಂತ ‘ತಪ್ಪಲು ಅವಕಾಶ ಹೇಗೆ ದೊರೆಯಿತು’ ಎಂದು ಕೇಳಬೇಕೆಂಬುದು ಅಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು. ದಾಸ್ತಾನು ಕಡಿಮೆ ಬಂದೊಡನೆ ಗುಮಾಸ್ತನನ್ನು ಗದರಿಸುವ ಅಂಗಡಿಯಲ್ಲಿ ಮುಂದಿನ ಬಾರಿ ಕೊರತೆಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಇದನ್ನು ನಾನು ಒಪ್ಪುತ್ತೇನೆ. ಆದರೆ ಪ್ರಮಾದವೇ ಬೇರೆ, ವಂಚನೆಯೇ ಬೇರೆ. ಬರೆದವನೇ ಜಾರಿಗೂ ತರಲಿ ಎಂಬ ಉತ್ಸಾಹವು ಕರ್ತವ್ಯ ವಿಭಜನೆಯ ತತ್ತ್ವಕ್ಕೆ ವಿರುದ್ಧವಲ್ಲವೇ ಎಂದು ಚೀಟಿ ಬರೆದು ಅಂಟಿಸಿದೆ. ಏಳೆಂಟು ಯುವಕರು ಬಂದು ಕುಳಿತರು. ಸಹೋದ್ಯೋಗಿಯ ಅನುಮೋದನೆಯಿಲ್ಲದೆ ಬದಲಾವಣೆ ಮುಂದೆ ಸಾಗದಂತೆ ಯಂತ್ರವೇ ತಡೆಯುತ್ತದೆ, ಪ್ರತಿಯೊಂದು ತಿದ್ದುಪಡಿಯೂ ಹೆಸರು-ಸಮಯ ಸಹಿತ ದಾಖಲಾಗುತ್ತದೆ ಎಂದು ವಿವರಿಸಿದರು. ದೊಡ್ಡ ತಂಡಗಳಿಗೆ ಈ ಉತ್ತರ ಸಾಕು. ಒಬ್ಬನೇ ತಂತ್ರಜ್ಞನನ್ನು ಅವಲಂಬಿಸಿರುವ ನಮ್ಮ ಕಾರ್ಖಾನೆಗಳಿಗೆ ಸಾಲದೆಂಬುದು ನನ್ನ ಅಭಿಪ್ರಾಯ. ಅಲ್ಲಿ ಎರಡನೆಯ ಕಣ್ಣು ಮಾಲೀಕರದೇ ಆಗಬೇಕು.

ತಿದ್ದುಪಡಿಯ ಜಾಡು ಉಳಿಯಬೇಕೆಂಬುದು ಕಂಪನಿಗಳ ಮಟ್ಟಿಗೆ ಈಗ ಕಾನೂನೂ ಹೌದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಆಡಿಟ್ ಟ್ರೇಲ್ ಸೌಲಭ್ಯವಿರಬೇಕು, ಅದನ್ನು ನಿಷ್ಕ್ರಿಯಗೊಳಿಸುವಂತಿಲ್ಲ. ಪರಿಶೋಧಕರು ತಮ್ಮ ವರದಿಯಲ್ಲಿ ಇದನ್ನು ನಮೂದಿಸಬೇಕು. ಪ್ರೈವೇಟ್ ಲಿಮಿಟೆಡ್ ಆಗಿರುವ ಸಣ್ಣ ಘಟಕಗಳಿಗೂ ವಿನಾಯಿತಿಯಿಲ್ಲ.

ತಂತ್ರಾಂಶ ಪೂರೈಕೆದಾರರೊಡನೆ ಒಪ್ಪಂದ ನವೀಕರಿಸುವಾಗ ಸದಸ್ಯರು ಕೆಲವು ಪ್ರಶ್ನೆಗಳನ್ನು ಕೇಳಬಹುದು. ಬ್ಯಾಕಪ್ ತೆಗೆಯುತ್ತೀರಾ ಎಂದಲ್ಲ, ಆ ಬ್ಯಾಕಪ್‌ನಿಂದ ಲೆಕ್ಕವನ್ನು ಮರಳಿ ಪಡೆದು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಹೊಸ ಆವೃತ್ತಿ ಕೆಟ್ಟರೆ ಹಳೆಯದಕ್ಕೆ ಎಷ್ಟು ಹೊತ್ತಿನಲ್ಲಿ ಹಿಂತಿರುಗಬಹುದು? ಮಾರ್ಚ್ ಕೊನೆಯ ವಾರದಲ್ಲಿ ಯಾರ ಅನುಮತಿಯ ಮೇಲೆ ಬದಲಾವಣೆ ಮಾಡುತ್ತೀರಿ? ಉತ್ತರಗಳನ್ನು ಬರಹದಲ್ಲಿಯೇ ಪಡೆದು ಒಪ್ಪಂದದ ಕಡತಕ್ಕೆ ಸೇರಿಸಿಡುವುದು ಒಳ್ಳೆಯದು.