ಓಣಿಯ ಹೆಣ್ಣುಮಕ್ಕಳು ಸಂಘವಾಗುವ ಬಗೆ

ಮುಂಡರಗಿಯಿಂದ ಹೂವಿನಹಡಗಲಿಯ ದಾರಿ ಹಿಡಿದರೆ ತುಂಗಭದ್ರೆಯ ಸೇತುವೆಗೆ ಮೊದಲು ಕೊರ್ಲಹಳ್ಳಿ ಸಿಗುತ್ತದೆ. ಈ ಭಾಗದ ಹಳ್ಳಿಗಳಲ್ಲಿ ಹೆಂಗಸರು ‘ಇವತ್ತ ಸಂಘ ಐತಿ’ ಅಂದರೆ ಅದು ಉಳಿತಾಯದ ರೊಕ್ಕ ಕಟ್ಟುವ ದಿನ ಎಂದು ಎಲ್ಲರಿಗೂ ಗೊತ್ತು. ಹದಿನೈದಿಪ್ಪತ್ತು ಹೆಂಗಸರು ಸುತ್ತುಗಟ್ಟಿ ಕೂತು, ಒಬ್ಬಳ ಸಾಲಕ್ಕೆ ಉಳಿದವರೆಲ್ಲ ಹೊಣೆ ನಿಲ್ಲುವಷ್ಟು ನಂಬಿಕೆ ಬೆಳೆಸಿಕೊಳ್ಳುವುದು ತಾನಾಗಿ ಆಗುವ ಕೆಲಸವಲ್ಲ. ಯಾರನ್ನು ಕರೆಯಬೇಕು, ಯಾರ ಮೂಲಕ ಕರೆಯಬೇಕು, ಯಾರಿಗಾಗಿ ಕಾಯಬೇಕು ಎಂಬುದನ್ನು ಬಲ್ಲ ಹೆಂಗಸರು ಊರೂರಲ್ಲಿ ಇದ್ದಾರೆ. ಅವರ ಈ ಕಸುಬಿಗೆ ನೇಕಾರಿಕೆ, ಬಡಗಿತನಕ್ಕೆ ಸಿಗುವಷ್ಟೇ ಗೌರವ ಸಿಗಬೇಕು.

ಉಳಿತಾಯದ ಸಂಘ ಬರುವ ಮೊದಲೂ ಹೆಣ್ಣುಮಕ್ಕಳ ಕೂಟಗಳಿದ್ದವು. ಮದುವೆಮನೆಯಲ್ಲಿ ಸೋಬಾನೆ ಹಾಡುವ ಮೇಳಕ್ಕೆ ಯಾರೂ ಅರ್ಜಿ ಹಾಕಿ ಸೇರುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆ ಹಾಡುವವರ ಬೆನ್ನಿಗೆ ಕೂತು, ನುಡಿಯ ಕೊನೆಗೆ ದನಿಗೂಡಿಸುತ್ತ ಕಲಿಯುತ್ತಿದ್ದಳು. ಹಾಡು ಬಾಯಿಗೆ ಬಂದ ಮೇಲೆ ಒಂದು ದಿನ ಮುಂದಿನ ಸಾಲಿನವರು ಸರಿದು ಜಾಗ ಕೊಟ್ಟರೆ ಅಲ್ಲಿಗೆ ಅವಳು ಮೇಳದವಳಾದಳು. ಊರಿನ ಮಠಗಳ ಆಸರೆಯಲ್ಲಿ ಬೆಳೆದ ಅಕ್ಕನ ಬಳಗಗಳಲ್ಲಿಯೂ ದಾರಿ ಹೆಚ್ಚುಕಡಿಮೆ ಇದೇ. ಅತ್ತೆಯ ಜೊತೆ ಸೊಸೆ ಬಂದಳು, ವಚನ ಹಾಡಿದಳು, ಶ್ರಾವಣದ ಪುರಾಣಕ್ಕೆ ಸೇವೆ ಮಾಡಿದಳು, ಬಳಗದವಳಾದಳು. ಈ ಕೂಟಗಳಲ್ಲಿ ಅಕ್ಕರೆ ಬಹಳ ಇತ್ತು. ಆದರೆ ಕರೆ ಹೋಗುತ್ತಿದ್ದದ್ದು ತಮ್ಮ ತಮ್ಮ ಮನೆತನದವರಿಗೆ, ತಮ್ಮ ಜನಕ್ಕೆ ಮಾತ್ರ. ಕೇರಿಯ ಹೆಂಗಸಿಗೆ ಆ ಕರೆ ಮುಟ್ಟುತ್ತಿರಲಿಲ್ಲ.

ರೊಕ್ಕ ಕೂಡಿಸಿ ಸಂಘ ಕಟ್ಟುವುದು ಗದಗ ಸೀಮೆಗೆ ಹೊಸದಲ್ಲ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘವನ್ನು ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ಇಲ್ಲಿನ ಕಣಗಿನಹಾಳದಲ್ಲೇ. ಆದರೆ ಆ ಪತ್ತಿನ ವ್ಯವಸ್ಥೆ ಹೊಲದ ಉತಾರ ಇದ್ದವರಿಗಾಗಿ ಇತ್ತು, ಉತಾರದಲ್ಲಿ ಹೆಂಗಸರ ಹೆಸರು ಅಪರೂಪವಾಗಿತ್ತು. ಹೊಲವಿಲ್ಲದ ಕೂಲಿ ಹೆಂಗಸರಿಗೆ ದಾರಿ ತೆರೆದದ್ದು ಎಂಬತ್ತರ ದಶಕದಲ್ಲಿ. ದಕ್ಷಿಣ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಜನ ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳಾಗಿ ಒಡೆದು ನಿಂತರು. ಅಧಿಕಾರಿಗಳು ಗೀಟು ಎಳೆಯದೆ ಜನರೇ ಆರಿಸಿಕೊಂಡ ಗುಂಪುಗಳು ಅವು. ಆ ಗುಂಪುಗಳು ಬಾಳಿದ್ದನ್ನು ಕಂಡ ನಬಾರ್ಡ್ 1992ರಲ್ಲಿ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಯೋಗ ಆರಂಭಿಸಿತು. ಸಂಘದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಇರಬಾರದೆಂಬ ನಿಯಮಕ್ಕೂ ಕಾರಣವಿದೆ. 1956ರ ಕಂಪನಿ ಕಾಯ್ದೆಯ ಪ್ರಕಾರ ಅದಕ್ಕಿಂತ ಹೆಚ್ಚು ಜನ ಕೂಡಿ ವ್ಯವಹಾರ ನಡೆಸಿದರೆ ನೋಂದಣಿ ಬೇಕಾಗುತ್ತಿತ್ತು. ಇಪ್ಪತ್ತು ಜನವಾದರೆ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ ಎಂಬುದು ಸಂಘ ಕಟ್ಟುವವರಿಗೆ ಇನ್ನೂ ದೊಡ್ಡ ಕಾರಣ.

ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000ದಲ್ಲಿ ಬಂದಾಗ ಸಂಘ ಕಟ್ಟುವ ಈ ಕಸುಬು ಅಂಗನವಾಡಿ ಕಾರ್ಯಕರ್ತೆಯ ಕೈಗೆ ಬಂತು. ಅವಳಿಗೆ ಊರಿನ ಒಂದೊಂದು ಬಾಗಿಲೂ ಗೊತ್ತು. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಗಂಡ ಕುಡಿಯುತ್ತಾನೆ, ಯಾರು ದುಡಿಯಲು ಗೋವಾಕ್ಕೆ ಹೋಗಿದ್ದಾರೆ ಎಲ್ಲವೂ ತಿಳಿದಿರುತ್ತದೆ. ಚೆನ್ನಾಗಿ ಕೆಲಸ ಬಲ್ಲ ಕಾರ್ಯಕರ್ತೆ ನೇರವಾಗಿ ಸೊಸೆಯನ್ನು ಕರೆಯುವುದಿಲ್ಲ. ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತು, ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಏಳುವ ಹೊತ್ತಿಗೆ ‘ದೊಡ್ಡವ್ವಾ, ನಿಮ್ಮ ಸೊಸಿನ್ನ ವಾರಕ್ಕೊಂದ ತಾಸು ಕಳಸ್ರಿ’ ಅನ್ನುತ್ತಾಳೆ. ಅತ್ತೆ ಒಪ್ಪಿದರೆ ಅರ್ಧ ಕೆಲಸ ಮುಗಿದಂತೆ. ಸೊಸೆಗೆ ಹೇಳುವುದು ಇಷ್ಟೇ: ‘ಯವ್ವಾ, ಬರೇ ಕುಂತು ಕೇಳು, ರೊಕ್ಕ ಏನೂ ತರಬ್ಯಾಡ.’

ರೊಕ್ಕ ತರಬೇಡ ಎಂಬ ಆ ಮಾತಿನಲ್ಲೇ ಇಡೀ ಜಾಣ್ಮೆ ಇದೆ. ಮೊದಲ ಕೆಲವು ಸಭೆಗಳು ಹೊಸಬಳು ಸಂಘವನ್ನು ನೋಡುವುದಕ್ಕೆ, ಸಂಘ ಹೊಸಬಳನ್ನು ನೋಡುವುದಕ್ಕೆ. ಹೇಳಿದ ಹೊತ್ತಿಗೆ ಬರುತ್ತಾಳೆಯೇ, ಇನ್ನೊಬ್ಬಳ ಮನೆಯ ಕಷ್ಟ ಕೇಳಿದ್ದನ್ನು ಬಾವಿಕಟ್ಟೆಯಲ್ಲಿ ಆಡುತ್ತಾಳೆಯೇ ಎಂದು ಹಳಬರು ಗಮನಿಸುತ್ತಾರೆ. ಅವಳೂ ನೋಡುತ್ತಿರುತ್ತಾಳೆ: ಪೆಟ್ಟಿಗೆ ಒಬ್ಬಳ ಮನೆಯಲ್ಲಿದ್ದರೆ ಕೀಲಿ ಇನ್ನೊಬ್ಬಳ ಹತ್ತಿರ ಇದೆಯೇ, ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆಯೇ, ಓದುಬರಹ ಬಾರದವಳ ಮಾತಿಗೆ ಬೆಲೆ ಇದೆಯೇ. ಎರಡೂ ಕಡೆ ಮನಸ್ಸು ಒಪ್ಪಿದ ಮೇಲೆ ಠರಾವು ಪುಸ್ತಕದಲ್ಲಿ ಅವಳ ಹೆಸರು ಏರುತ್ತದೆ. ಹೆಬ್ಬೆಟ್ಟು ಒತ್ತಿ ಸೇರಿದ ಎಷ್ಟೋ ಹೆಂಗಸರು ಮುಂದೆ ಇದೇ ಪುಸ್ತಕದಲ್ಲಿ ತಮ್ಮ ಹೆಸರು ಬರೆಯಲು ಕಲಿತರು. ಹಳೆಯ ಠರಾವು ಪುಸ್ತಕಗಳಲ್ಲಿ ಒಂದೇ ಸಾಲಿನಲ್ಲಿ ಕೆಲವು ಪುಟಗಳವರೆಗೆ ನೀಲಿ ಹೆಬ್ಬೆಟ್ಟು, ಆಮೇಲೆ ಸೊಟ್ಟ ಅಕ್ಷರ, ಇನ್ನೂ ಮುಂದೆ ಹೋದರೆ ನೇರ ಸಹಿ ಕಾಣಿಸುತ್ತದೆ.

ಸದಸ್ಯರನ್ನು ಆರಿಸುವಾಗ ಕೆಲವು ಲೆಕ್ಕಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಾಗದ ಹುಡುಗಿಯನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ, ಏಕೆಂದರೆ ಲಗ್ನವಾದರೆ ಊರು ಬಿಡುತ್ತಾಳೆ. ಅತ್ತೆಗೆ ವಯಸ್ಸಾದರೆ ಅವಳ ಜಾಗಕ್ಕೆ ಸೊಸೆ ಬರುತ್ತಾಳೆ. ಎಲ್ಲಕ್ಕಿಂತ ಕಷ್ಟದ ಲೆಕ್ಕ ಜಾತಿಯದು. ಒಂದೇ ಓಣಿಯವರಾದರೆ ಸಭೆಗೆ ಬರಲು ಸುಲಭ, ಸಾಲ ವಸೂಲಿಯೂ ಸುಲಭ. ಆದರೆ ನಮ್ಮ ಊರುಗಳಲ್ಲಿ ಓಣಿಗಳೇ ಜಾತಿಯ ಪ್ರಕಾರ ಕಟ್ಟಿರುವುದರಿಂದ ಓಣಿಯ ಸಂಘ ಬಹುಮಟ್ಟಿಗೆ ಜಾತಿಯ ಸಂಘವೇ ಆಗುತ್ತದೆ. ಒಂದೇ ಹೊಲದಲ್ಲಿ ಕಳೆ ತೆಗೆಯುವ, ಮುಯ್ಯಾಳಾಗಿ ದುಡಿಯುವ ಗುಂಪಿನಿಂದ ಸಂಘ ಕಟ್ಟಿದ ಕಡೆ ಆ ಗೋಡೆ ಸ್ವಲ್ಪ ಸಡಿಲಾಗಿದೆ. ಎರಡು ಓಣಿಯವರನ್ನು ಒಂದೇ ಚಾಪೆಯ ಮೇಲೆ ಕೂರಿಸಿದ ಕಾರ್ಯಕರ್ತೆಯನ್ನೇ ನಾನು ಈ ಕಸುಬಿನ ನಿಜವಾದ ಪರಿಣತೆ ಎನ್ನುತ್ತೇನೆ.

ತಮ್ಮವರನ್ನೇ ಆರಿಸಿಕೊಳ್ಳುವ ಈ ತೊಡಕು ಇರುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಕಾಲೇಜುಗಳಲ್ಲಿ ಸೊರಾರಿಟಿ ಎಂಬ ವಿದ್ಯಾರ್ಥಿನಿಯರ ಸಂಘಗಳಿವೆ. ಹೊಸಬರನ್ನು ಸೆಳೆಯಲು ಅವುಗಳ ನಡುವೆ ಪೈಪೋಟಿ ಅತಿಯಾದಾಗ ನಿಯಮ ಮಾಡಿಕೊಳ್ಳಲು 1902ರಲ್ಲಿ ಒಂದು ಒಕ್ಕೂಟ ಹುಟ್ಟಿತು. ಹುಡುಗಿ ಸಂಘವನ್ನೂ ಸಂಘ ಹುಡುಗಿಯನ್ನೂ ಆರಿಸುವ ಕ್ರಮ ಅಲ್ಲಿಯೂ ಇದೆ. ಹಾಗಿದ್ದೂ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಪ್ಪು ಹುಡುಗಿಯರನ್ನು ಬಣ್ಣದ ಕಾರಣಕ್ಕೆ ಬಿಟ್ಟರೆಂಬುದು 2013ರಲ್ಲಿ ವಿದ್ಯಾರ್ಥಿಗಳ ಪತ್ರಿಕೆಯಿಂದಲೇ ಬಯಲಾಯಿತು, ವಿಶ್ವವಿದ್ಯಾಲಯ ಮಧ್ಯೆ ಬಂದು ಬಾಗಿಲು ತೆರೆಸಬೇಕಾಯಿತು. ಅಕ್ಕತಂಗಿಯರೆಂದು ಕರೆದುಕೊಂಡ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ.

2011ರ ನಂತರ ರಾಷ್ಟ್ರೀಯ ಜೀವನೋಪಾಯ ಅಭಿಯಾನ ನಮ್ಮಲ್ಲಿ ಸಂಜೀವಿನಿ ಹೆಸರಿನಲ್ಲಿ ಬಂತು. ಬಡವರ ಪಟ್ಟಿ ಹಿಡಿದು, ಬಿಟ್ಟುಹೋದ ಮನೆಗಳನ್ನು ಹುಡುಕಿ ಕರೆಯುವುದು ಇದರ ಕ್ರಮ. ಅಂಗವಿಕಲರು, ವಯಸ್ಸಾದವರು ಐದೇ ಜನರಿದ್ದರೂ ಸಂಘ ಮಾಡಬಹುದು. ಸಂಘಗಳ ಮೇಲೆ ಪಂಚಾಯತಿ ಮಟ್ಟದ ಒಕ್ಕೂಟ ಇದೆ, ಕೃಷಿ ಸಖಿ, ಪಶು ಸಖಿಯರಿದ್ದಾರೆ. ಇದು ದೊಡ್ಡ ಹೆಜ್ಜೆ. ಅಕ್ಕನ ಬಳಗದ ಕರೆ ಮುಟ್ಟದ ಬಾಗಿಲಿಗೆ ಈಗ ಕರೆ ಹೋಗುತ್ತದೆ. ಜೊತೆಗೆ ಆಧಾರ್, ಮೊಬೈಲ್ ದಾಖಲೆ, ತಿಂಗಳ ಗುರಿಯೂ ಬಂದಿವೆ. ಗುರಿ ಮುಟ್ಟುವ ಅವಸರದಲ್ಲಿ ಮೊದಲ ದಿನವೇ ಫೋಟೊ ತೆಗೆದು ಹೆಸರು ಏರಿಸಿದರೆ, ಕೂತು ನೋಡುವ ಆ ಕೆಲವು ಸಭೆಗಳೇ ಇಲ್ಲವಾಗುತ್ತವೆ.

ಕಿರುಸಾಲದ ಕಂಪನಿಗಳು ಮಾಡಿದ್ದು ಇನ್ನೂ ಕೆಟ್ಟದ್ದು. ಏಜೆಂಟ್ ಬರುತ್ತಾನೆ, ಸಾಲ ಬೇಕಾದ ಒಬ್ಬಳಿಗೆ ‘ಇನ್ನೂ ನಾಲ್ಕೈದು ಮಂದಿನ್ನ ಕರಕೊಂಡ ಬಾ’ ಅನ್ನುತ್ತಾನೆ, ಸಂಜೆಗೆ ಗುಂಪು ತಯಾರು. ಹೊಣೆಗಾರಿಕೆ ಎಲ್ಲರ ಮೇಲೆ, ಉಳಿತಾಯ ಯಾರದೂ ಇಲ್ಲ. ಇಂಥ ಸಾಲದ ಕಿರುಕುಳ ಮಿತಿಮೀರಿ ರಾಜ್ಯ ಸರಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಏಜೆಂಟ್ ಕೂಡಿಸಿದ ಅಂಥ ಗುಂಪನ್ನು ಸಂಘ ಎಂದು ಕರೆಯುವುದೇ ತಪ್ಪು.

ಸಂಜೀವಿನಿಯ ಅಧಿಕಾರಿಗಳಲ್ಲಿ, ಪಂಚಾಯತಿಯವರಲ್ಲಿ ನನ್ನದೊಂದು ಕೇಳಿಕೆ. ಇಷ್ಟು ದಿನದಲ್ಲಿ ಇಷ್ಟು ಸಂಘ ಎಂಬ ಗುರಿ ಕೊಡುವುದನ್ನು ನಿಲ್ಲಿಸಿ. ಹೊಸಬಳು ಸಹಿ ಹಾಕುವ ಮೊದಲು ಒಂದು ತಿಂಗಳು ಸುಮ್ಮನೆ ಕೂತು ನೋಡಲಿ. ಮನೆಮನೆ ತಿರುಗಿ ಅತ್ತೆ, ಗಂಡ, ಮಗ ಎಲ್ಲರನ್ನೂ ಒಪ್ಪಿಸಿ ಸಂಘ ಕಟ್ಟುವ ಆ ಹೆಣ್ಣುಮಗಳಿಗೆ, ಅಂಗನವಾಡಿಯವಳಿರಲಿ, ಸಖಿಯಿರಲಿ, ಆ ತಿರುಗಾಟದ ದಿನಗಳಿಗೂ ಸರಿಯಾದ ಗೌರವಧನ ಕೊಡಿ.