ಒಂದೇ ತಿಂಗಳ ಅಂತರ, ಎರಡು ಲೆಕ್ಕ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ಗೆ ಪಾಠ ಹೇಳಲು ಹೋಗುತ್ತಿದ್ದ ಮೇಷ್ಟ್ರುಗಳನ್ನು ನೆನಪಿಸಿಕೊಳ್ಳಿ. 2001ರಲ್ಲಿ ಅಲ್ಲಿನ ಚಿನ್ನದ ಗಣಿ ಮುಚ್ಚಿತು. ಅಪ್ಪನ ಕೆಲಸ ಹೋದ ಮಕ್ಕಳನ್ನು, ಮನೆಯಲ್ಲಿ ತಮಿಳು, ತೆಲುಗು ಆಡುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದವರು ಇವರೇ.

ಈಗ ಇವರ ನಿವೃತ್ತಿ ಲೆಕ್ಕ ನೋಡಿ. ರಾಜ್ಯ ಸರ್ಕಾರಿ ನೌಕರರ ಏಳನೇ ವೇತನ ಆಯೋಗದ ಹೊಸ ವೇತನ ಕಾಗದದ ಮೇಲೆ 2022ರ ಜುಲೈ 1ರಿಂದ ಜಾರಿ. ಹಣ ಕೈಗೆ ಬಂದದ್ದು 2024ರ ಆಗಸ್ಟ್ 1ರಿಂದ. ನಡುವೆ 25 ತಿಂಗಳು.

ಇಬ್ಬರು ಮೇಷ್ಟ್ರು ಅಂದುಕೊಳ್ಳಿ. ಇಬ್ಬರದೂ ಹಳೆಯ ಮೂಲವೇತನ 50,000. ಅದಕ್ಕೆ 31% ತುಟ್ಟಿಭತ್ಯೆ, 27.5% ಫಿಟ್‌ಮೆಂಟ್ (ವೇತನ ಹೆಚ್ಚಳ) ಸೇರಿದರೆ 79,250. ಒಬ್ಬರು 2024ರ ಜುಲೈ 31ಕ್ಕೆ ನಿವೃತ್ತರಾದರು, ಇನ್ನೊಬ್ಬರು ಆಗಸ್ಟ್ 31ಕ್ಕೆ. ತಿಂಗಳ ಪಿಂಚಣಿ ಇಬ್ಬರಿಗೂ ಹೊಸ ವೇತನದ ಮೇಲೆ. ಆದರೆ ಗ್ರಾಚ್ಯುಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗಕ್ಕೆ ಬದಲಾಗಿ ಮುಂಚೆಯೇ ಪಡೆಯುವ ಹಣ), ರಜೆ ನಗದೀಕರಣ ಮೊದಲನೆಯವರಿಗೆ ಹಳೆಯ ವೇತನದ ಮೇಲೆ! ಮಗಳ ಮದುವೆ, ಮನೆ ಸಾಲ, ಕಣ್ಣಿನ ಆಪರೇಷನ್, ಎಲ್ಲಕ್ಕೂ ನೆಚ್ಚಿಕೊಂಡ ಇಡಿಗಂಟು ಅದು.

 

ಈ 25 ತಿಂಗಳಲ್ಲಿ ನಿವೃತ್ತರಾದವರು ಕೇಳುತ್ತಿರುವುದು ಇಷ್ಟೇ: ಹೊಸ ವೇತನದ ಮೇಲೆ ಮರುಲೆಕ್ಕ ಹಾಕಿ, ವ್ಯತ್ಯಾಸದ ಹಣ ಕೊಡಿ.