ಶ್ವಾಸಕೋಶಕ್ಕೆ ಮದ್ದಿನ ಮಂಜು

ಶಿವಾಜಿನಗರದ ಔಷಧಿ ಅಂಗಡಿಗಳಲ್ಲಿ ನೆಬ್ಯುಲೈಸರನ್ನು ನೀವು ನೋಡಿರಬಹುದು. ಆಸ್ತಮಾಕ್ಕಷ್ಟೇ ಅಲ್ಲ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗಕ್ಕೂ ಅದು ಬೇಕು. ಈ ರೋಗದಲ್ಲಿ ಶ್ವಾಸನಾಳಗಳ ಲೋಳೆ ಅಂಟಾಗಿ ಕಟ್ಟಿಕೊಳ್ಳುತ್ತದೆ. ಅದರಲ್ಲಿ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಗಳು ನೆಲೆಸುತ್ತವೆ. ಟೋಬ್ರಾಮೈಸಿನ್ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಲೋಳೆಗೆ ತಲುಪುವುದು ಅಲ್ಪ. ಪ್ರಮಾಣ ಹೆಚ್ಚಿಸಿದರೆ ಮೂತ್ರಪಿಂಡ, ಕಿವಿಗಳಿಗೆ ಅಪಾಯ. ಆದ್ದರಿಂದ ಅದನ್ನು ಮಂಜಾಗಿಸಿ ಉಸಿರಿನೊಡನೆ ಒಳಗೆ ಕಳುಹಿಸುತ್ತಾರೆ.

ಇಲ್ಲಿ ಹನಿಯ ಗಾತ್ರವೇ ಮುಖ್ಯ. 10 ಮೈಕ್ರೋಮೀಟರ್ ವ್ಯಾಸದ ಹನಿಗಳು ಗಾಳಿಯೊಡನೆ ತಿರುಗಲಾರದೆ ಬಹುಮಟ್ಟಿಗೆ ಗಂಟಲಿಗೇ ಬಡಿಯುತ್ತವೆ. ಬಸ್ಸು ತಿರುಗಿದಾಗ ನೀವು ವಾಲುತ್ತೀರಲ್ಲವೆ? ಅದೇ ಜಡತ್ವ! 1 ಮೈಕ್ರೋಮೀಟರಿಗಿಂತ ಚಿಕ್ಕ ಹನಿಗಳಲ್ಲಿ ಹೆಚ್ಚಿನವು ನಿಶ್ವಾಸದೊಡನೆ ಹೊರಬೀಳುತ್ತವೆ. 1ರಿಂದ 5 ಮೈಕ್ರೋಮೀಟರಿನವು ಒಳನಾಳಗಳಲ್ಲಿ ನಿಲ್ಲುತ್ತವೆ. ಸಾಮಾನ್ಯ ಕ್ರಮ: 300 ಮಿಲಿಗ್ರಾಂ, ದಿನಕ್ಕೆರಡು ಸಲ, 28 ದಿನ, ಬಳಿಕ 28 ದಿನ ಬಿಡುವು. ಮದ್ದು ಸರಿಯಿದ್ದರೆ ಸಾಲದು, ಹನಿಯೂ ಸರಿಯಿರಬೇಕು.